ಒಂದೇ ಸೆಲ್‌ನಲ್ಲಿ ನಾಲ್ಕು ಊರು: ಪಟ್ಟಿಯಲ್ಲಿರುವ ರಕ್ತದಾನಿ ಫಿಲ್ಟರ್‌ನಲ್ಲಿ ಸಿಗದಿರುವುದೇಕೆ?

ರಕ್ತದಾನಿಗಳ ಪಟ್ಟಿ ಸ್ಪ್ರೆಡ್‌ಶೀಟ್ ರೂಪದಲ್ಲಿ ವಾಟ್ಸ್‌ಆ್ಯಪ್‌ಗೆ ಬರುತ್ತದೆ, ನಾವು ಮುಂದಕ್ಕೆ ಕಳಿಸುತ್ತೇವೆ. ಉದಾಹರಣೆಗೆ, ಒಬ್ಬ ದಾನಿಯ ಹೆಸರಿನ ಮುಂದೆ ಒಂದೇ ಸೆಲ್‌ನಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ನಾಲ್ಕು ಸಾಲುಗಳಿವೆ ಎಂದುಕೊಳ್ಳಿ. ತುರ್ತಿನಲ್ಲಿ ಫಿಲ್ಟರ್ ತೆರೆದು ‘ಸಿಂದಗಿ’ಯನ್ನಷ್ಟೇ ಟಿಕ್ ಮಾಡಿದರೆ ಆ ದಾನಿಯ ಹೆಸರು ಬರುವುದೇ ಇಲ್ಲ.

ನಂಬಿಕೆ 1: ಬೇರೆ ಸಾಲಿನಲ್ಲಿ ಕಂಡರೆ ಅದು ಬೇರೆ ಮಾಹಿತಿ

ವಾಸ್ತವ: ಅಲ್ಲ. ಸೆಲ್ ಒಳಗೆ ಆಲ್ಟ್ ಮತ್ತು ಎಂಟರ್ ಒತ್ತಿದಾಗ ಲೈನ್ ಬ್ರೇಕ್ ಎಂಬ ಕಾಣದ ಅಕ್ಷರವೊಂದು ಸೇರುತ್ತದೆ. ಅದರ ಸಂಖ್ಯೆ 10. ನಮಗೆ ನಾಲ್ಕು ಸಾಲು ಕಂಡರೂ ಶೀಟ್‌ಗೆ ಅದು ಒಂದೇ ಉದ್ದನೆಯ ಪಠ್ಯ. ಎಕ್ಸೆಲ್‌ನ ಒಂದು ಸೆಲ್ 32,767 ಅಕ್ಷರ, 253 ಲೈನ್ ಬ್ರೇಕ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಎಣಿಸುವಾಗ ಅದು ಒಂದೇ. ಸಂಖ್ಯೆಗಳನ್ನು ಹೀಗೆ ಒಂದರ ಕೆಳಗೊಂದು ಬರೆದರೆ ಸಮ್ ಫಾರ್ಮುಲಾ ಅವನ್ನು ಕೂಡಿಸುವುದೂ ಇಲ್ಲ.

ನಂಬಿಕೆ 2: ಖಾಲಿ ಜಾಗ ಇದ್ದಲ್ಲೆಲ್ಲ ಕತ್ತರಿಸಿದರೆ ಸರಿಹೋಗುತ್ತದೆ

ವಾಸ್ತವ: ಹಾಗೆ ಮಾಡಿದರೆ ಬಸವನ ಬಾಗೇವಾಡಿ ‘ಬಸವನ’ ಮತ್ತು ‘ಬಾಗೇವಾಡಿ’ ಎಂಬ ಎರಡು ಊರಾಗುತ್ತದೆ. ಕತ್ತರಿಸಬೇಕಾದ್ದು ಲೈನ್ ಬ್ರೇಕ್ ಇರುವಲ್ಲಿ.

ಸರಿಪಡಿಸುವುದು ಹೇಗೆ?

• ಮೊದಲು ಫೈಲ್‌ನ ಒಂದು ಪ್ರತಿ ಇಟ್ಟುಕೊಳ್ಳಿ.
• ಎಕ್ಸೆಲ್: ಬಲಗಡೆ ಖಾಲಿ ಕಾಲಂಗಳಿರಲಿ, ಇಲ್ಲದಿದ್ದರೆ ಅಲ್ಲಿರುವ ಮಾಹಿತಿ ಅಳಿಸಿಹೋಗಬಹುದು. ಡೇಟಾ ಮೆನುವಿನ ‘ಟೆಕ್ಸ್ಟ್ ಟು ಕಾಲಮ್ಸ್’ನಲ್ಲಿ ‘ಡಿಲಿಮಿಟೆಡ್’ ಆರಿಸಿ, ‘ಅದರ್’ ಚೌಕದಲ್ಲಿ ಕಂಟ್ರೋಲ್ ಮತ್ತು ಜೆ ಒತ್ತಿ. ಚೌಕ ಖಾಲಿ ಕಂಡರೂ ಕೆಲಸ ಆಗಿರುತ್ತದೆ.
• ಗೂಗಲ್ ಶೀಟ್ಸ್: ಸ್ಪ್ಲಿಟ್ ಫಾರ್ಮುಲಾದಲ್ಲಿ ಕತ್ತರಿಸುವ ಗುರುತಾಗಿ ಕ್ಯಾರ್ 10 ಕೊಡಿ.
• ಕತ್ತರಿಸದೆ ಅಲ್ಪವಿರಾಮ ಹಾಕಬೇಕೆಂದರೆ ಸಬ್‌ಸ್ಟಿಟ್ಯೂಟ್ ಬಳಸಿ. ಕ್ಲೀನ್ ಫಾರ್ಮುಲಾ ಲೈನ್ ಬ್ರೇಕನ್ನು ತೆಗೆದುಹಾಕುತ್ತದೆ, ಆದರೆ ‘ಇಂಡಿಸಿಂದಗಿ’ ಎಂದು ಹೆಸರುಗಳನ್ನು ಅಂಟಿಸಿಬಿಡುತ್ತದೆ.
• ಮುದ್ರಣಕ್ಕಾಗಿ ಮತ್ತೆ ಒಂದೇ ಸೆಲ್‌ಗೆ ಸೇರಿಸಲು ಟೆಕ್ಸ್ಟ್‌ಜಾಯಿನ್ ಇದೆ. ‘ರ್‍ಯಾಪ್ ಟೆಕ್ಸ್ಟ್’ ಆನ್ ಮಾಡಿದರೆ ಸಾಲುಗಳು ಬೇರೆಬೇರೆಯಾಗಿ ಕಾಣುತ್ತವೆ. ಮೂಲ ಪಟ್ಟಿ ಮಾತ್ರ ಬಿಡಿಬಿಡಿಯಾಗಿಯೇ ಇರಲಿ.

ಇಷ್ಟಕ್ಕೆ ಇಷ್ಟೊಂದು ತಲೆಬಿಸಿ ಬೇಕೆ?

ಬೇಕು. ಮಾಹಿತಿ ಕಣ್ಣಿಗೆ ಕಾಣದಂತೆ ತಪ್ಪಿಹೋದರೆ ಏನಾಗುತ್ತದೆ ಎಂಬುದಕ್ಕೆ 2020ರ ಇಂಗ್ಲೆಂಡ್ ಸಾಕ್ಷಿ. ಎಕ್ಸೆಲ್‌ನ ಹಳೆಯ ಫೈಲ್ ಮಾದರಿಯಲ್ಲಿ 65,536 ಸಾಲುಗಳಷ್ಟೇ ಹಿಡಿಯುತ್ತವೆ. ಅದು ತುಂಬಿದ್ದು ಗಮನಕ್ಕೆ ಬಾರದೆ 15,841 ಕೋವಿಡ್ ಪ್ರಕರಣಗಳು ದೈನಂದಿನ ಲೆಕ್ಕದಿಂದ ಬಿಟ್ಟುಹೋದವು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದೂ ತಡವಾಯಿತು.

ಫಾರ್ವರ್ಡ್ ಮಾಡುವ ಮುನ್ನ

ಒಂದು ಸೆಲ್‌ಗೆ ಒಂದೇ ಮಾಹಿತಿ ಇದೆಯೇ ನೋಡಿ. ಒಬ್ಬ ದಾನಿ ನಾಲ್ಕು ತಾಲೂಕಿಗೆ ಬರಬಲ್ಲರಾದರೆ ಪ್ರತಿ ತಾಲೂಕಿಗೂ ಒಂದು ಕಾಲಂ ಮಾಡಿ ‘ಹೌದು’ ಎಂದು ಬರೆಯಿರಿ. ಸರಿಪಡಿಸಲು ಸಮಯವಿಲ್ಲದ ತುರ್ತಿನಲ್ಲಿ ಫಿಲ್ಟರ್ ನಂಬಬೇಡಿ, ‘ಫೈಂಡ್’ನಲ್ಲಿ ಊರಿನ ಹೆಸರು ಹುಡುಕಿ. ಅದು ಸೆಲ್‌ನ ಮಧ್ಯದಲ್ಲಿರುವ ಹೆಸರನ್ನೂ ತೋರಿಸುತ್ತದೆ.