ಗಡಿ ದಾಟಿದ ಧೂಳು

1986ರ ಏಪ್ರಿಲ್ 28ರ ಬೆಳಿಗ್ಗೆ ಸ್ವೀಡನ್ನಿನ ಫಾರ್ಸ್‌ಮಾರ್ಕ್ ಪರಮಾಣು ವಿದ್ಯುತ್ ಸ್ಥಾವರದಲ್ಲಿ ಎಚ್ಚರಿಕೆಯ ಗಂಟೆ ಮೊಳಗಿತು. ನೌಕರನೊಬ್ಬನ ಬೂಟಿಗೆ ವಿಕಿರಣಶೀಲ ಧೂಳು ಅಂಟಿತ್ತು. ಸೋರಿಕೆ ತಮ್ಮಲ್ಲೇ ಆಗಿರಬೇಕೆಂದು ಹುಡುಕಿದರೆ ಎಲ್ಲವೂ ಸರಿಯಾಗಿತ್ತು. ಧೂಳು ಗಾಳಿಯಲ್ಲಿ ತೇಲಿ ಬಂದದ್ದು ಸಾವಿರ ಕಿಲೋಮೀಟರಿಗೂ ಆಚೆಯ ಚೆರ್ನೋಬಿಲ್‌ನಿಂದ. ಅಲ್ಲಿ ರಿಯಾಕ್ಟರು ಸ್ಫೋಟಿಸಿ ಎರಡು ದಿನ ಕಳೆದಿತ್ತು. ಸೋವಿಯತ್ ಸರ್ಕಾರ ಅದನ್ನು ಜಗತ್ತಿಗೆ ತಿಳಿಸಿದ್ದು ಅಂದು ಸಂಜೆ!

ಯುರೋಪಿನ ತೊಡಕು ಇಲ್ಲೇ ಇದೆ. ಸ್ಥಾವರಕ್ಕೆ ಪರವಾನಗಿ ಕೊಡುವುದು, ತಪಾಸಣೆ ನಡೆಸುವುದು, ಅಗತ್ಯವಾದರೆ ನಿಲ್ಲಿಸುವುದು ಆಯಾ ದೇಶದ ನಿಯಂತ್ರಣ ಸಂಸ್ಥೆಯ ಅಧಿಕಾರ. ಧೂಳಿಗೆ ಮಾತ್ರ ಗಡಿಯಿಲ್ಲ. ನೆರೆಯವರ ಸ್ಥಾವರ ಅಪಾಯಕಾರಿ ಎನಿಸಿದರೆ ಏನು ಮಾಡಬೇಕು?

ಲಿಥುವೇನಿಯಾವನ್ನು ನೋಡಿ. ಈ ಪುಟ್ಟ ದೇಶ ಸೋವಿಯತ್ ಒಕ್ಕೂಟದಿಂದ ಬೇರೆಯಾದಾಗ ಇಗ್ನಾಲಿನಾದ ಎರಡು ಭಾರಿ ರಿಯಾಕ್ಟರುಗಳು ಅದರ ಪಾಲಿಗೆ ಬಂದವು. ಅವು ಚೆರ್ನೋಬಿಲ್ ಮಾದರಿಯವೇ. ಪಶ್ಚಿಮ ಯುರೋಪಿನ ಹೆಚ್ಚಿನ ರಿಯಾಕ್ಟರುಗಳಲ್ಲಿ ನೀರಿಗೆ ಎರಡು ಕೆಲಸ. ಅದು ಶಾಖವನ್ನು ಹೊತ್ತೊಯ್ಯುತ್ತದೆ. ಜೊತೆಗೆ ನ್ಯೂಟ್ರಾನುಗಳ ವೇಗ ತಗ್ಗಿಸಿ ಸರಪಳಿ ಕ್ರಿಯೆ ನಡೆಯಲು ನೆರವಾಗುತ್ತದೆ. ನೀರು ಆವಿಯಾದರೆ ಕ್ರಿಯೆಯೂ ಕುಂದುತ್ತದೆ. ಚೆರ್ನೋಬಿಲ್ ಮಾದರಿಯಲ್ಲಿ ವೇಗ ತಗ್ಗಿಸುವುದು ಗ್ರಾಫೈಟ್. ನೀರು ಆವಿಯಾದರೂ ಗ್ರಾಫೈಟ್ ಅಲ್ಲೇ ಉಳಿಯುತ್ತದೆ. ನ್ಯೂಟ್ರಾನುಗಳನ್ನು ಒಂದಿಷ್ಟು ಹೀರುತ್ತಿದ್ದ ನೀರು ಮಾತ್ರ ಇರುವುದಿಲ್ಲ. ಆಗ ಕ್ರಿಯೆ ಕುಂದುವ ಬದಲು ಹೆಚ್ಚಬಹುದು. ಸಾಲದ್ದಕ್ಕೆ, ರಿಯಾಕ್ಟರನ್ನು ಪೂರ್ತಿ ಆವರಿಸುವ ಕಾಂಕ್ರೀಟಿನ ಕವಚವೂ ಇರಲಿಲ್ಲ. ಸ್ವೀಡನ್ ಮೊದಲಾದ ದೇಶಗಳ ನೆರವಿನಿಂದ ಸುಧಾರಣೆಗಳೇನೋ ಆದವು. ಮೂಲ ವಿನ್ಯಾಸವನ್ನು ಬದಲಿಸುವಂತಿರಲಿಲ್ಲ.

ಐರೋಪ್ಯ ಒಕ್ಕೂಟ ಸೇರಬೇಕಾದರೆ ಇವನ್ನು ಮುಚ್ಚಬೇಕೆಂಬ ಷರತ್ತು ಬಂತು. ದೇಶದ ವಿದ್ಯುತ್ತಿನ ಮೂರನೇ ಎರಡು ಪಾಲಿಗೂ ಹೆಚ್ಚು ಬರುತ್ತಿದ್ದುದು ಅಲ್ಲಿಂದಲೇ. ಮೊದಲ ಘಟಕ 2004ರ ಕೊನೆಯ ದಿನ ನಿಂತಿತು. 2008ರ ಜನಮತಗಣನೆಯಲ್ಲಿ, ಎರಡನೆಯದನ್ನು ಇನ್ನಷ್ಟು ಕಾಲ ನಡೆಸಿ ಎಂದವರೇ ಬಹುಮಂದಿ. ಆದರೆ ಅರ್ಧದಷ್ಟು ಮತದಾರರೂ ಬಾರದ್ದರಿಂದ ಅದು ಊರ್ಜಿತವಾಗಲಿಲ್ಲ. 2009ರ ಡಿಸೆಂಬರ್ 31ರಂದು ಅದೂ ನಿಂತಿತು. ಮುಚ್ಚುವ ಕೆಲಸಕ್ಕೆ ಒಕ್ಕೂಟ ಹಣ ಕೊಟ್ಟಿತು, ನಿಜ. ಆದರೂ ವಿದ್ಯುತ್ತನ್ನು ಮಾರುತ್ತಿದ್ದ ದೇಶ ಕೊಳ್ಳುವ ದೇಶವಾಯಿತು.

ಇಂಥ ಷರತ್ತು ಹಾಕಲು ಆದದ್ದು ಲಿಥುವೇನಿಯಾ ಇನ್ನೂ ಬಾಗಿಲ ಹೊರಗಿದ್ದುದರಿಂದ. ಒಳಗಿರುವವರಿಗೆ ಬೇರೆ ದಾರಿ ಬೇಕಾಯಿತು. ಪ್ರತಿ ಸದಸ್ಯ ದೇಶದ ನಿಯಂತ್ರಣ ಸಂಸ್ಥೆಯೂ ವಿದ್ಯುತ್ ಉತ್ಪಾದಕರ ಹಿಡಿತದಿಂದ ದೂರವಿರಬೇಕೆಂದು 2009ರ ನಿರ್ದೇಶನ ವಿಧಿಸಿತು. 2011ರ ಫುಕುಶಿಮಾ ದುರಂತದ ಬಳಿಕ, ಭೂಕಂಪ, ಪ್ರವಾಹ, ವಿದ್ಯುತ್ ಕಡಿತಗಳನ್ನು ಸ್ಥಾವರಗಳು ತಾಳಬಲ್ಲವೇ ಎಂಬ ಪರೀಕ್ಷೆ ನಡೆಯಿತು. ಒಂದು ದೇಶದ ವರದಿಯನ್ನು ಇತರ ದೇಶಗಳ ತಜ್ಞರು ಓದಿ ಪ್ರಶ್ನಿಸಿದರು. 2014ರ ತಿದ್ದುಪಡಿ ಇದನ್ನೇ ಪದ್ಧತಿಯಾಗಿಸಿತು: ಆರು ವರ್ಷಕ್ಕೊಮ್ಮೆಯಾದರೂ ಒಂದು ವಿಷಯವನ್ನು ಆರಿಸಿಕೊಂಡು ಪರಸ್ಪರ ಪರಿಶೀಲನೆ ಆಗಲೇಬೇಕು.

ಪರಮಾಣು ವಿದ್ಯುತ್ತು ಬೇಕೇ ಬೇಡವೇ ಎಂಬುದನ್ನು ಮಾತ್ರ ಒಕ್ಕೂಟ ಹೇಳುವುದಿಲ್ಲ. ಜರ್ಮನಿ 2023ರ ಏಪ್ರಿಲ್‌ನಲ್ಲಿ ತನ್ನ ಕೊನೆಯ ಮೂರು ರಿಯಾಕ್ಟರುಗಳನ್ನು ನಿಲ್ಲಿಸಿತು. ಪಕ್ಕದ ಫ್ರಾನ್ಸ್ ತನ್ನ ವಿದ್ಯುತ್ತಿನ ಸುಮಾರು ಮೂರನೇ ಎರಡು ಪಾಲನ್ನು ಪರಮಾಣುವಿನಿಂದಲೇ ಪಡೆಯುತ್ತಿದೆ.