ಕಾಲೇಜು ಕ್ರೀಡೆಗಳಲ್ಲಿ ಪಂದ್ಯದಿಂದ ಹೊರಹಾಕುವಿಕೆ ಮತ್ತು ಅಮಾನತು: ವಿದ್ಯಾರ್ಥಿಗಳು ಹಾಗೂ ಪೋಷಕರಿಗೆ ಮಾಹಿತಿ

ಪೀಠಿಕೆ

ಅಂತರ ಕಾಲೇಜು ಹಾಗೂ ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟಗಳಲ್ಲಿ ಅಶಿಸ್ತಿನ ಕಾರಣಕ್ಕಾಗಿ ಆಟಗಾರರನ್ನು ಪಂದ್ಯದಿಂದ ಹೊರಹಾಕುವ ಅಥವಾ ಮುಂದಿನ ಪಂದ್ಯಗಳಿಂದ ಅಮಾನತುಗೊಳಿಸುವ ಸಂದರ್ಭಗಳು ಒದಗುತ್ತವೆ. ಇವೆರಡನ್ನೂ ಒಂದೇ ಎಂದು ಭಾವಿಸಿದಲ್ಲಿ ವಿದ್ಯಾರ್ಥಿಯು ಮೇಲ್ಮನವಿಯ ಅವಧಿಯನ್ನು ಕಳೆದುಕೊಳ್ಳುವ ಇಲ್ಲವೇ ಅರ್ಹತೆಯಿದ್ದರೂ ಕ್ರೀಡಾ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸದೆ ಉಳಿಯುವ ಸಂಭವವಿದೆ. ಆದುದರಿಂದ ಈ ಕುರಿತ ಮುಖ್ಯ ನಿಯಮಗಳನ್ನು ಇಲ್ಲಿ ವಿವರಿಸಲಾಗಿದೆ.

1. ಹೊರಹಾಕುವಿಕೆ ಮತ್ತು ಅಮಾನತು – ವ್ಯತ್ಯಾಸ

ಹೊರಹಾಕುವಿಕೆಯು ಪಂದ್ಯ ನಡೆಯುತ್ತಿರುವಾಗಲೇ ತೀರ್ಪುಗಾರರು ಕೈಗೊಳ್ಳುವ ಕ್ರಮ. ಇದಕ್ಕೆ ನೋಟಿಸ್ ಆಗಲಿ, ವಿಚಾರಣೆಯಾಗಲಿ ಅಗತ್ಯವಿಲ್ಲ. ಇದರ ಪರಿಣಾಮವು ಸಾಮಾನ್ಯವಾಗಿ ಆ ಪಂದ್ಯಕ್ಕೆ ಸೀಮಿತವಾಗಿರುತ್ತದೆ. ಫುಟ್‌ಬಾಲ್‌ನಂತಹ ಕ್ರೀಡೆಗಳಲ್ಲಿ ಕೂಟದ ನಿಯಮಾನುಸಾರ ಮುಂದಿನ ಒಂದು ಪಂದ್ಯಕ್ಕೆ ತಾನಾಗಿಯೇ ನಿರ್ಬಂಧ ಅನ್ವಯಿಸಬಹುದು.

ಅಮಾನತು ಪಂದ್ಯ ಮುಗಿದ ನಂತರ ಸಂಘಟನಾ ಸಮಿತಿ, ಕಾಲೇಜು ಅಥವಾ ವಿಶ್ವವಿದ್ಯಾಲಯವು ಹೊರಡಿಸುವ ಆದೇಶ. ಇದು ಹಲವು ಪಂದ್ಯಗಳಿಗೆ, ಒಂದು ಋತುವಿಗೆ ಅಥವಾ ಅದಕ್ಕೂ ಹೆಚ್ಚಿನ ಅವಧಿಗೆ ಇರಬಹುದು. ಇಂತಹ ಆದೇಶದ ಮುನ್ನ ವಿದ್ಯಾರ್ಥಿಯ ಅಹವಾಲನ್ನು ಆಲಿಸುವುದು ಸಹಜ ನ್ಯಾಯದ ತತ್ವವಾಗಿರುತ್ತದೆ.

2. ಕ್ರೀಡಾವಾರು ನಿಯಮಗಳು

ಅ) ಕಬಡ್ಡಿ: ಹಸಿರು ಕಾರ್ಡ್ ಎಚ್ಚರಿಕೆ, ಹಳದಿ ಕಾರ್ಡ್ ಪಡೆದವರು 2 ನಿಮಿಷ ಹೊರಗಿರತಕ್ಕದ್ದು, ಕೆಂಪು ಕಾರ್ಡ್ ಪಡೆದವರು ಆ ಪಂದ್ಯದಲ್ಲಿ ಮತ್ತೆ ಆಡುವಂತಿಲ್ಲ.

ಆ) ಫುಟ್‌ಬಾಲ್: ಒಂದೇ ಪಂದ್ಯದಲ್ಲಿ ಎರಡು ಹಳದಿ ಕಾರ್ಡ್ ಪಡೆದಲ್ಲಿ ಅಥವಾ ಹಿಂಸಾತ್ಮಕ ವರ್ತನೆ, ಉಗುಳುವುದು, ನಿಂದನೆಯ ಮಾತು ಮುಂತಾದವುಗಳಿಗೆ ಕೆಂಪು ಕಾರ್ಡ್ ನೀಡಲಾಗುತ್ತದೆ. ಆ ಆಟಗಾರನ ಬದಲಿಗೆ ಬೇರೊಬ್ಬರು ಆಡುವಂತಿಲ್ಲ. ತಂಡದಲ್ಲಿ 7 ಕ್ಕಿಂತ ಕಡಿಮೆ ಆಟಗಾರರು ಉಳಿದಲ್ಲಿ ಪಂದ್ಯ ಮುಂದುವರಿಯುವುದಿಲ್ಲ.

ಇ) ಹಾಕಿ: ಹಸಿರು ಕಾರ್ಡ್‌ಗೆ 2 ನಿಮಿಷ, ಹಳದಿ ಕಾರ್ಡ್‌ಗೆ ಕನಿಷ್ಠ 5 ನಿಮಿಷ, ಕೆಂಪು ಕಾರ್ಡ್‌ಗೆ ಪಂದ್ಯದ ಉಳಿದ ಅವಧಿಯವರೆಗೆ ಹೊರಗಿರತಕ್ಕದ್ದು. ಈ ಅವಧಿಯಲ್ಲಿ ತಂಡವು ಒಬ್ಬ ಆಟಗಾರನ ಕೊರತೆಯಲ್ಲಿ ಆಡಬೇಕಾಗುತ್ತದೆ.

ಈ) ವಾಲಿಬಾಲ್: ಇಲ್ಲಿ ಕೆಂಪು ಕಾರ್ಡ್ ಒಂದೇ ತೋರಿಸಿದಲ್ಲಿ ಆಟಗಾರ ಹೊರಹೋಗಬೇಕಾಗಿಲ್ಲ, ಎದುರಾಳಿ ತಂಡಕ್ಕೆ ಒಂದು ಅಂಕ ಮತ್ತು ಸರ್ವ್ ದೊರೆಯುತ್ತದೆ. ಹಳದಿ ಮತ್ತು ಕೆಂಪು ಕಾರ್ಡ್‌ಗಳನ್ನು ಒಂದೇ ಕೈಯಲ್ಲಿ ಒಟ್ಟಾಗಿ ತೋರಿಸಿದಲ್ಲಿ ಆ ಸೆಟ್‌ನಿಂದ, ಎರಡು ಕೈಗಳಲ್ಲಿ ಬೇರೆ ಬೇರೆಯಾಗಿ ತೋರಿಸಿದಲ್ಲಿ ಇಡೀ ಪಂದ್ಯದಿಂದ ಹೊರಹಾಕಲಾಗುತ್ತದೆ.

ಉ) ಬ್ಯಾಸ್ಕೆಟ್‌ಬಾಲ್: 5 ಫೌಲ್‌ಗಳಾದ ಆಟಗಾರ ಆಟದಿಂದ ನಿವೃತ್ತನಾಗಬೇಕು, ಇದು ಅಶಿಸ್ತಿನ ಕ್ರಮವಲ್ಲ. ತೀವ್ರ ದುರ್ವರ್ತನೆಗಾಗಿ ಅನರ್ಹಗೊಂಡವರು ಮಾತ್ರ ಅಂಕಣವನ್ನು ಬಿಟ್ಟು ವಿಶ್ರಾಂತಿ ಕೊಠಡಿಗೆ ತೆರಳಬೇಕು ಅಥವಾ ಕಟ್ಟಡದಿಂದ ಹೊರಹೋಗಬೇಕು.

ಊ) ಕ್ರಿಕೆಟ್: 2017 ರ ಅಕ್ಟೋಬರ್‌ನಿಂದ ಜಾರಿಗೆ ಬಂದ 42 ನೇ ನಿಯಮದಲ್ಲಿ ತಪ್ಪುಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಲಾಗಿದೆ. ಮೂರನೇ ಹಂತದ ತಪ್ಪಿಗೆ ಸೀಮಿತ ಓವರ್‌ಗಳ ಪಂದ್ಯದಲ್ಲಿ ಆ ಇನಿಂಗ್ಸ್‌ನ ಓವರ್‌ಗಳ ಐದನೇ ಒಂದು ಭಾಗದಷ್ಟು ಕಾಲ ಆಟಗಾರನನ್ನು ಹೊರಗಿಡಲಾಗುತ್ತದೆ. ಅಂಪೈರ್‌ಗೆ ಬೆದರಿಕೆ, ಹಲ್ಲೆ ಮುಂತಾದ ನಾಲ್ಕನೇ ಹಂತದ ತಪ್ಪಿಗೆ ಪಂದ್ಯದ ಉಳಿದ ಭಾಗದಿಂದ ಹೊರಹಾಕಲಾಗುತ್ತದೆ. ಎರಡೂ ಸಂದರ್ಭಗಳಲ್ಲಿ ಎದುರಾಳಿ ತಂಡಕ್ಕೆ 5 ದಂಡದ ರನ್‌ಗಳು ಸಲ್ಲುತ್ತವೆ.

3. ಪಂದ್ಯದ ದಿನ ಗಮನಿಸಬೇಕಾದ ಅಂಶಗಳು

ಆಟದ ಸಂಗತಿಗಳ ಬಗ್ಗೆ ತೀರ್ಪುಗಾರರ ನಿರ್ಣಯವೇ ಅಂತಿಮ. ಮೈದಾನ ಬಿಡಲು ತಡಮಾಡುವುದು ಅಥವಾ ವಾದಕ್ಕಿಳಿಯುವುದರಿಂದ ಮೊದಲ ತಪ್ಪಿಗಿಂತ ದೊಡ್ಡ ತಪ್ಪು ದಾಖಲಾಗುತ್ತದೆ. ಒಂದು ಪಂದ್ಯಕ್ಕೆ ಮುಗಿಯಬೇಕಾದ ವಿಷಯವು ದೀರ್ಘ ಅಮಾನತಿಗೆ ತಿರುಗುವುದಕ್ಕೆ ಇದೂ ಒಂದು ಕಾರಣ.

ಒಬ್ಬರ ಬದಲಿಗೆ ಮತ್ತೊಬ್ಬರಿಗೆ ಕಾರ್ಡ್ ತೋರಿಸಲಾಗಿದ್ದಲ್ಲಿ, ತಂಡದ ವ್ಯವಸ್ಥಾಪಕರು ಎದೆ ಸಂಖ್ಯೆಯ ಸಹಿತ ಅದನ್ನು ಕೂಡಲೇ ಲಿಖಿತವಾಗಿ ತಿಳಿಸುವುದು. ಲಿಖಿತ ಆಕ್ಷೇಪಣೆಗೆ ಕೂಟದ ನಿಯಮಾವಳಿಯಲ್ಲಿ ಅವಧಿ ಹಾಗೂ ಶುಲ್ಕ ನಿಗದಿಯಾಗಿರುವ ಸಂಭವವಿರುವುದರಿಂದ, ನಿಯಮಾವಳಿಯ ಪ್ರತಿಯನ್ನು ಕೂಟದ ಆರಂಭಕ್ಕೆ ಮುನ್ನವೇ ಪಡೆದಿರುವುದು ಸೂಕ್ತ.

4. ಪಂದ್ಯದ ನಂತರದ ಅಮಾನತು

ಹಲ್ಲೆ, ತೀರ್ಪುಗಾರರ ನಿಂದನೆ, ಅರ್ಹತೆಯ ಬಗ್ಗೆ ಸುಳ್ಳು ದಾಖಲೆ, ಬೇರೆಯವರ ಹೆಸರಿನಲ್ಲಿ ಆಡುವುದು – ಇವು ಸಾಮಾನ್ಯವಾಗಿ ಅಮಾನತಿಗೆ ಕಾರಣವಾಗುವ ತಪ್ಪುಗಳು. ಕ್ರಮ ಕೈಗೊಳ್ಳುವಾಗ ಈ ಕೆಳಕಂಡ ಹಂತಗಳು ಇರಬೇಕಾದುದು ನ್ಯಾಯಸಮ್ಮತ:

- ಆರೋಪವನ್ನು ಸ್ಪಷ್ಟವಾಗಿ ತಿಳಿಸುವ ಕಾರಣ ಕೇಳುವ ನೋಟಿಸ್
- ಉತ್ತರ ನೀಡಲು ಸಮಂಜಸ ಕಾಲಾವಕಾಶ
- ಆರೋಪದಲ್ಲಿ ಭಾಗಿಯಲ್ಲದವರಿಂದ ವಿಚಾರಣೆ
- ಕಾರಣ ಹಾಗೂ ಅವಧಿಯನ್ನು ನಮೂದಿಸಿದ ಲಿಖಿತ ಆದೇಶ

ಪರೀಕ್ಷಾ ಅಕ್ರಮದ ಆರೋಪದ ಮೇಲೆ ಅಹವಾಲು ಕೇಳದೆ ವಿದ್ಯಾರ್ಥಿಗಳ ಫಲಿತಾಂಶ ರದ್ದುಪಡಿಸಿದ್ದ ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ, ವಿದ್ಯಾರ್ಥಿಗಳಿಗೆ ಅವಕಾಶ ನೀಡಲೇಬೇಕಿತ್ತೆಂದು ಸರ್ವೋಚ್ಚ ನ್ಯಾಯಾಲಯವು 1962 ರಲ್ಲಿಯೇ ತೀರ್ಪಿತ್ತಿದೆ. ಅದು ಕ್ರೀಡೆಗೆ ಸಂಬಂಧಿಸಿದ ಪ್ರಕರಣವಲ್ಲವಾದರೂ ಅದರಲ್ಲಿನ ತತ್ವವು ವಿದ್ಯಾರ್ಥಿಗಳ ಶಿಸ್ತು ಕ್ರಮಗಳಿಗೆ ಮಾರ್ಗದರ್ಶಿಯಾಗಿದೆ.

5. ಉದಾಹರಣೆ

ಕಬಡ್ಡಿ ತಂಡದ ವಿದ್ಯಾರ್ಥಿನಿಯೊಬ್ಬಳು ಅಂತರ ಕಾಲೇಜು ಸೆಮಿಫೈನಲ್‌ನಲ್ಲಿ ಕೆಂಪು ಕಾರ್ಡ್ ಪಡೆದಳೆಂದು ಭಾವಿಸೋಣ. ಆ ಪಂದ್ಯದಲ್ಲಿ ಆಕೆ ಮತ್ತೆ ಆಡುವಂತಿಲ್ಲ. ಇದಕ್ಕೆ ಮೇಲ್ಮನವಿಯ ಪ್ರಶ್ನೆ ಸಾಮಾನ್ಯವಾಗಿ ಉದ್ಭವಿಸುವುದಿಲ್ಲ. ಒಂದು ವಾರದ ನಂತರ "ಈ ವರ್ಷ ನಿನ್ನನ್ನು ಆಯ್ಕೆಗೆ ಪರಿಗಣಿಸುವುದಿಲ್ಲ" ಎಂದು ಆಕೆಗೆ ಬಾಯಿಮಾತಿನಲ್ಲಿ ತಿಳಿಸಿದಲ್ಲಿ, ಅದು ಕೆಂಪು ಕಾರ್ಡಿನ ಮುಂದುವರಿಕೆಯಲ್ಲ, ಪ್ರತ್ಯೇಕವಾದ ಹೊಸ ಕ್ರಮ. ಅಂತಹ ಸಂದರ್ಭದಲ್ಲಿ ಮೌನವಾಗಿರದೆ, ಆದೇಶದ ಲಿಖಿತ ಪ್ರತಿಯನ್ನು ಕೋರಿ ಪ್ರಾಂಶುಪಾಲರಿಗೆ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಲಿಖಿತ ಆದೇಶವಿಲ್ಲದಿದ್ದಲ್ಲಿ ಮೇಲ್ಮನವಿ ಸಲ್ಲಿಸುವುದೂ ಕಷ್ಟ, ಅಮಾನತು ಎಂದು ಮುಗಿಯುವುದೆಂದು ಸಾಬೀತುಪಡಿಸುವುದೂ ಕಷ್ಟ.

6. ವ್ಯಾಸಂಗ ಮತ್ತು ಪ್ರಮಾಣಪತ್ರ

ಕ್ರೀಡೆಯಿಂದ ಅಮಾನತು ಎಂದರೆ ತರಗತಿಯಿಂದ ಅಥವಾ ಪರೀಕ್ಷೆಯಿಂದ ಅಮಾನತು ಎಂದರ್ಥವಲ್ಲ. ಅದಕ್ಕೆ ಪ್ರತ್ಯೇಕ ಆದೇಶ ಬೇಕಾಗುತ್ತದೆ. ಪಂದ್ಯದಿಂದ ಹೊರಹಾಕಲ್ಪಟ್ಟ ಮಾತ್ರಕ್ಕೆ ಹಿಂದಿನ ಕೂಟಗಳಲ್ಲಿ ಪಡೆದ ಪ್ರಮಾಣಪತ್ರಗಳು ಅಸಿಂಧುವಾಗುವುದಿಲ್ಲ. ಪ್ರಮಾಣಪತ್ರವನ್ನು ತಡೆಹಿಡಿದಿದ್ದಲ್ಲಿ ಕಾರಣವನ್ನು ಲಿಖಿತವಾಗಿ ಕೇಳುವುದು. ಆದರೆ ಅರ್ಜಿ ನಮೂನೆಯಲ್ಲಿ ಶಿಸ್ತು ಕ್ರಮದ ವಿವರ ಕೇಳಿದ್ದಲ್ಲಿ ಅದನ್ನು ಮರೆಮಾಚಬಾರದು.

7. ಮೇಲ್ಮನವಿ ಮತ್ತು ಮಾಹಿತಿ ಪಡೆಯುವ ವಿಧಾನ

ಮೊದಲು ಕೂಟದ ನಿಯಮಾವಳಿಯಲ್ಲಿ ಸೂಚಿಸಿದ ಮೇಲ್ಮನವಿ ಸಮಿತಿಗೆ, ನಂತರ ಪ್ರಾಂಶುಪಾಲರ ಮೂಲಕ ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗಕ್ಕೆ ಮನವಿ ಸಲ್ಲಿಸಬಹುದಾಗಿದೆ. ಕಾಲೇಜು ವಿದ್ಯಾರ್ಥಿಯ ಮೂಲ ದಾಖಲೆಗಳನ್ನು ಹಿಂದಿರುಗಿಸದಿರುವಂತಹ ದೂರುಗಳಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2023 ರ ವಿನಿಯಮಗಳನ್ವಯ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿಯ ವ್ಯವಸ್ಥೆ ಇದೆ. ಸಮಿತಿಯ ತೀರ್ಮಾನ ತೃಪ್ತಿಕರವಲ್ಲದಿದ್ದಲ್ಲಿ 15 ದಿನಗಳೊಳಗೆ ಒಂಬಡ್ಸ್‌ಪರ್ಸನ್ ಅವರಿಗೆ ಮೇಲ್ಮನವಿ ಸಲ್ಲಿಸಬಹುದು.

ಸರ್ಕಾರಿ ಕಾಲೇಜು ಅಥವಾ ವಿಶ್ವವಿದ್ಯಾಲಯವು ಆದೇಶದ ಪ್ರತಿ ನೀಡದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005 ರಡಿ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿರುವುದಿಲ್ಲ.

ಮನವಿಯೊಂದಿಗೆ ಲಗತ್ತಿಸಬೇಕಾದ ದಾಖಲೆಗಳು: ಕಾಲೇಜು ಗುರುತಿನ ಚೀಟಿಯ ಪ್ರತಿ, ನೋಟಿಸ್ ಮತ್ತು ಆದೇಶದ ಪ್ರತಿ, ಅಂಕಪಟ್ಟಿಕೆ ಅಥವಾ ತೀರ್ಪುಗಾರರ ವರದಿಯ ಪ್ರತಿ (ಲಭ್ಯವಿದ್ದಲ್ಲಿ), ತಂಡದ ವ್ಯವಸ್ಥಾಪಕರ ಹೇಳಿಕೆ.

8. ಉದ್ದೀಪನ ಮದ್ದು ಪ್ರಕರಣಗಳು

ಉದ್ದೀಪನ ಮದ್ದು ಸೇವನೆಯ ಪ್ರಕರಣಗಳಿಗೆ ಮೇಲಿನ ವಿಧಾನ ಅನ್ವಯಿಸುವುದಿಲ್ಲ. ಇವುಗಳನ್ನು ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಅಧಿನಿಯಮ, 2022 ರಡಿ ಪ್ರತ್ಯೇಕ ಸಮಿತಿಗಳು ವಿಚಾರಣೆ ನಡೆಸುತ್ತವೆ. ನಿರ್ಬಂಧವು ವರ್ಷಗಳವರೆಗೆ ಇರಬಹುದು. ತಿಳಿಯದೆ ಸೇವಿಸಿದೆ ಎಂಬುದೊಂದೇ ಕಾರಣಕ್ಕೆ ವಿನಾಯಿತಿ ದೊರೆಯುವುದಿಲ್ಲವಾದ್ದರಿಂದ ಔಷಧಿ ಹಾಗೂ ಪೂರಕ ಆಹಾರವನ್ನು ವೈದ್ಯರ ಸಲಹೆಯ ಮೇರೆಗೆ ಮಾತ್ರ ಸೇವಿಸುವುದು.

ಸೂಚನೆ: ಈ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಆಯಾ ಕೂಟದ ನಿಯಮಾವಳಿ ಹಾಗೂ ಸಂಬಂಧಪಟ್ಟ ಆದೇಶಗಳೇ ಅಂತಿಮವಾಗಿರುತ್ತವೆ. ಹೆಚ್ಚಿನ ವಿವರಗಳಿಗೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.