ಲಾಗ್ ಔಟ್ ಅಂದರೆ ಕಲ್ಲಾಗುವ ಕಂಪ್ಯೂಟರ್

ಲಾಗ್ ಔಟ್ ಮಾಡುವ ರೂಢಿ ನಮ್ಮ ಮನೆಗಳಲ್ಲಿ ಕಡಿಮೆ. ಲ್ಯಾಪ್‌ಟಾಪ್ ಆದರೆ ಮುಚ್ಚಳ ಮುಚ್ಚುತ್ತೇವೆ, ಡೆಸ್ಕ್‌ಟಾಪ್ ಆದರೆ ಶಟ್‌ಡೌನ್ ಒತ್ತಿ ಎದ್ದು ಹೋಗುತ್ತೇವೆ. ಒಂದೇ ಕಂಪ್ಯೂಟರಿಗೆ ಹಲವರು ಹಕ್ಕುದಾರರಾದಾಗಲೇ ಲಾಗ್ ಔಟ್‌ಗೆ ಬೆಲೆ ಬರುವುದು. ಬೆಂಗಳೂರಿನ ಗುರಪ್ಪನಪಾಳ್ಯದ ಸುದರ್ಶನ ಲೇಔಟ್‌ನಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದ ಸ್ವಯಂಸೇವಕರು ನಡೆಸಿದ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರ ಅಂಥದ್ದು. ಕೊಳೆಗೇರಿಯ ಮಕ್ಕಳು ಅಲ್ಲಿ ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್ ಮೇಲೆ ಗಿಂಪ್ ಎಂಬ ತಂತ್ರಾಂಶ ತೆರೆದು ಚಿತ್ರ ಬಿಡಿಸಲು ಕಲಿತರು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಲ್ಯಾಬ್‌ಗಳಲ್ಲೂ ಕೇರಳದ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸೇ ನಡೆಯುವುದು. ಒಬ್ಬರು ಎದ್ದ ಮೇಲೆ ಇನ್ನೊಬ್ಬರು ಕೂರುವ ಇಂಥ ಕಡೆ ಲಾಗ್ ಔಟ್ ಹ್ಯಾಂಗ್ ಆದರೆ ಎಲ್ಲರ ಕೆಲಸಕ್ಕೂ ಕಲ್ಲು ಬಿದ್ದ ಹಾಗೆ.

ಈಗ ಆ ತೊಂದರೆ ಮನೆಮನೆಗೂ ಬರುತ್ತಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್‌ಗಳು ನಿಂತವು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನದೋ ಅದಕ್ಕಿಂತ ಈಚಿನದೋ ಪ್ರೊಸೆಸರ್ ಬೇಕು. ಗಟ್ಟಿಮುಟ್ಟಾಗಿರುವ ಹಳೇ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಬಾರದವರು ಲಿನಕ್ಸ್ ಮಿಂಟ್ ಹಾಕಿಕೊಳ್ಳುತ್ತಿದ್ದಾರೆ. ಪುಕ್ಕಟೆ, 4 ಜಿಬಿ ರ‍್ಯಾಮ್ ಇದ್ದರೆ ಸಾಕು, ನೋಡಲು ವಿಂಡೋಸ್‌ನಂತೆಯೇ ಇದೆ. ಬ್ರೌಸರ್, ಕನ್ನಡ ಟೈಪಿಂಗ್, ಪ್ರಿಂಟರ್ ಎಲ್ಲ ಸರಿ. ಕೆಲವರಿಗೆ ಲಾಗ್ ಔಟ್ ಅಂದಾಗ ಮಾತ್ರ ಕಪ್ಪು ಪರದೆ, ಎಡಮೂಲೆಯಲ್ಲಿ ಮಿನುಗದ ಒಂದು ಗೆರೆ, ಅಷ್ಟೇ.

ಶುರುವಾಗುವಾಗ ಚೆನ್ನಾಗಿದ್ದದ್ದು ಮುಗಿಸುವಾಗ ಯಾಕೆ ಮೊಂಡು ಹಿಡಿಯಬೇಕು? ಲಾಗ್ ಔಟ್ ನಾವಂದುಕೊಂಡಷ್ಟು ಸಣ್ಣ ಕೆಲಸವಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡಿದ ಹಾಗೆ ಅದು: ಸಾಮಾನು ಕಟ್ಟಬೇಕು, ಬೀಗದ ಕೈ ಮಾಲೀಕರಿಗೆ ಒಪ್ಪಿಸಬೇಕು, ಅವರು ಸುಣ್ಣಬಣ್ಣ ಬಳಿಸಿ ಮುಂದಿನವರಿಗೆ ಬಾಗಿಲು ತೆಗೆಯಬೇಕು. ಮೊದಲು ತೆರೆದಿರುವ ತಂತ್ರಾಂಶಗಳಿಗೆಲ್ಲ ಮುಗಿಸಿಕೊಳ್ಳಿ ಎಂದು ಸೂಚನೆ ಹೋಗುತ್ತದೆ. ಆಮೇಲೆ ಪರದೆಯ ಮೇಲೆ ಚಿತ್ರ ಮೂಡಿಸುತ್ತಿದ್ದ ಎಕ್ಸ್ ಸರ್ವರ್ ಕೆಲಸ ಬಿಡುತ್ತದೆ. ಲೈಟ್‌ಡಿಎಂ ಎಂಬ ದ್ವಾರಪಾಲಕ ಹೊಸ ಎಕ್ಸ್ ಸರ್ವರ್ ಎಬ್ಬಿಸಿ, ಪಾಸ್‌ವರ್ಡ್ ಕೇಳುವ ಪರದೆ ತೋರಿಸುತ್ತದೆ. ಹಳೆಯ ಸರ್ವರ್ ಬಿಟ್ಟ ಗ್ರಾಫಿಕ್ಸ್ ಕಾರ್ಡನ್ನು ಹೊಸದು ಹಿಡಿದುಕೊಳ್ಳುವ ಆ ಗಳಿಗೆಯಲ್ಲೇ ಎಡವುವುದು ಹೆಚ್ಚು. ಕಾರ್ಡನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಸರಿಯಿಲ್ಲದಿದ್ದರೆ ಬೀಗದ ಕೈ ಯಾರ ಕೈಯಲ್ಲೂ ಉಳಿಯುವುದಿಲ್ಲ.

ಬೆಂಗಳೂರಿನ ವಿಜಯಾ ಬ್ಯಾಂಕ್ ಲೇಔಟ್‌ನ ಒಂದು ಮನೆಯಲ್ಲಿ ಇದನ್ನು ಹತ್ತಿರದಿಂದ ನೋಡಿದೆ. ನಿವೃತ್ತ ಹಿರಿಯರೊಬ್ಬರು, ಪಿಯುಸಿ ಓದುವ ಮೊಮ್ಮಗಳು. ನಾಲ್ಕನೇ ತಲೆಮಾರಿನ ಐ5 ಯಂತ್ರ ಒಂದೇ, ಅಕೌಂಟ್ ಎರಡು. ಹಿಂದೆ ಯಾರೋ ಆಟಕ್ಕೆಂದು ತಗುಲಿಸಿದ ಎನ್‌ವಿಡಿಯಾ ಜಿಟಿ 710 ಕಾರ್ಡ್ ಅದರ ಹೊಟ್ಟೆಯಲ್ಲಿತ್ತು. ಹಿರಿಯರು ಲಾಗ್ ಔಟ್ ಕ್ಲಿಕ್ ಮಾಡಿದರು, ಪರದೆ ಕಪ್ಪಾಯಿತು, ಕೈ ಸೀದಾ ಪವರ್ ಬಟನ್ ಕಡೆ ಹೋಯಿತು.

“ತಾತಾ, ಬಟನ್ ಒತ್ತಬೇಡಿ. ಸ್ವಲ್ಪ ತಾಳಿ!”

“ತಾಳೋದೇನಮ್ಮ, ದಿನಾ ಇದೇ ಗೋಳು. ಸತ್ತೇ ಹೋಗಿದೆ.”

ಸತ್ತಿರಲಿಲ್ಲ. ಕ್ಯಾಪ್ಸ್ ಲಾಕ್ ಒತ್ತಿದರೆ ದೀಪ ಹತ್ತಲಿಲ್ಲ, ನಿಜ. ಆ ದೀಪ ಹತ್ತಿಸುವ ಹೊಣೆ ಸಾಮಾನ್ಯವಾಗಿ ಎಕ್ಸ್ ಸರ್ವರಿನದು. ಅದೇ ಕೈಚೆಲ್ಲಿ ಕೂತಾಗ ಕೀಬೋರ್ಡ್ ಸುಮ್ಮನಿರುವುದು ಸಹಜ. ದೀಪ ಹತ್ತಿದರೆ ಜೀವವಿದೆ ಅಂತ ಖಂಡಿತ ಹೇಳಬಹುದು. ಹತ್ತದಿದ್ದರೆ ಜೀವ ಹೋಗಿದೆ ಅನ್ನಲಾಗದು. ತಾನಾಗಿಯೇ ಪಕಪಕ ಮಿನುಗುತ್ತಿದ್ದರೆ ಮಾತ್ರ ಕರ್ನಲ್ ಪ್ಯಾನಿಕ್, ಆಗ ಲಿನಕ್ಸಿನ ತಿರುಳಾದ ಕರ್ನಲ್ಲೇ ಕುಸಿದಿದೆ ಎಂದರ್ಥ. ಮೊಮ್ಮಗಳು ಮೊದಲೇ, ಬೇರೆ ಯಂತ್ರದಿಂದ ಒಳಗೆ ಬರಲು ದಾರಿ ಕೊಡುವ ಓಪನ್ ಎಸ್‌ಎಸ್‌ಎಚ್ ಸರ್ವರ್ ಹಾಕಿಟ್ಟಿದ್ದಳು. ಅದೇ ವೈಫೈನಲ್ಲಿದ್ದ ಮೊಬೈಲಿನಲ್ಲಿ ಟರ್ಮಕ್ಸ್ ಆ್ಯಪ್ ತೆರೆದು ಕದ ತಟ್ಟಿದರೆ, ‘ಸತ್ತ’ ಯಂತ್ರ ತಕ್ಷಣ ಪಾಸ್‌ವರ್ಡ್ ಕೇಳಿತು. ಹಿರಿಯರು ಕನ್ನಡಕ ಏರಿಸಿಕೊಂಡು ಕುರ್ಚಿ ಹತ್ತಿರ ಎಳೆದುಕೊಂಡರು.

ಎಸ್‌ಎಸ್‌ಎಚ್ ಇಲ್ಲದವರು ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ ನೋಡಬಹುದು. ಅಕ್ಷರಗಳೇ ಇರುವ ಲಾಗಿನ್ ಪರದೆ ಬಂದರೆ ಅರ್ಧ ಗೆದ್ದಂತೆ. ಲೈಟ್‌ಡಿಎಂ ಒಂದನ್ನೇ ರೀಸ್ಟಾರ್ಟ್ ಮಾಡಿದರೆ ಎಷ್ಟೋ ಸಲ ಪರದೆ ಮರಳುತ್ತದೆ. ಅದು ಅಂದಿನ ಕೆಲಸ ನಡೆಸಲು ಮಾತ್ರ. ಕಾರಣ ಬೇಕಿದ್ದರೆ ಯಂತ್ರ ಬರೆದಿಟ್ಟುಕೊಳ್ಳುವ ದಿನಚರಿ ಓದಬೇಕು. ಜರ್ನಲ್‌ಸಿಟಿಎಲ್ ಎಂಬ ಆದೇಶಕ್ಕೆ ‘ಹೈಫನ್ ಬಿ’, ‘ಹೈಫನ್ 1’ ಎಂದು ಬಾಲ ಹಚ್ಚಿದರೆ ಹಿಂದಿನ ಸಲ ಬೂಟ್ ಆದಾಗಿನ ಇಡೀ ಕಥೆ ಬಿಚ್ಚಿಕೊಳ್ಳುತ್ತದೆ. ಓದಬೇಕಾದ್ದು ಕೊನೆಯ ಕೆಲವು ಸಾಲು. ನಮಗೆ ಅಲ್ಲಿ ಮತ್ತೆ ಮತ್ತೆ ಸಿಕ್ಕ ಹೆಸರು ನೂವೋ, ಅದರ ಬೆನ್ನಿಗೇ ಟೈಮ್‌ಔಟ್.

ನೂವೋ ಎನ್ನುವುದು ಎನ್‌ವಿಡಿಯಾ ಕಾರ್ಡುಗಳಿಗೆ ಸ್ವಯಂಸೇವಕರು ಬರೆದ ಡ್ರೈವರ್. ಕಂಪನಿ ಕಾರ್ಡಿನ ಒಳಗುಟ್ಟು ಬಿಟ್ಟುಕೊಡದ ಕಾಲದಲ್ಲಿ, ಅದು ವರ್ತಿಸುವ ರೀತಿ ನೋಡಿ ನೋಡಿಯೇ ಕಟ್ಟಿದ್ದು. 2010ರಲ್ಲಿ ಕರ್ನಲ್ ಸೇರಿತು. ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ವೇದಿಕೆಯಲ್ಲೇ ಕ್ಯಾಮೆರಾಗೆ ನಡುಬೆರಳು ತೋರಿಸಿ ಎನ್‌ವಿಡಿಯಾವನ್ನು ಬೈದಿದ್ದರು. ಕಂಪನಿ ತನ್ನ ಕರ್ನಲ್ ಮಾಡ್ಯೂಲ್‌ಗಳನ್ನು ಮುಕ್ತವಾಗಿ ಬಿಟ್ಟದ್ದು 2022ರಲ್ಲಿ, ಅದೂ ಹೊಸ ಕಾರ್ಡುಗಳಿಗೆ ಮಾತ್ರ. ಹಳೇ ಕಾರ್ಡಿನವರ ಪಾಡು ಹಾಗೇ ಉಳಿಯಿತು. ಜಿಟಿ 710ಕ್ಕೆ ಕಂಪನಿಯದೇ 470 ಸರಣಿಯ ಡ್ರೈವರ್ ಇದೆ, ಮಿಂಟ್‌ನ ಡ್ರೈವರ್ ಮ್ಯಾನೇಜರಿನಲ್ಲಿ ಆರಿಸಿಕೊಂಡರೆ ಆಯಿತು. ಆದರೆ ಅದರ ಆಯುಸ್ಸೂ 2024ಕ್ಕೆ ತೀರಿದೆ. ಇನ್ನೂ ಹಳೆಯ ಜೀಫೋರ್ಸ್ 210 ಇದ್ದವರಿಗೆ ಇವತ್ತಿನ ಮಿಂಟ್‌ನಲ್ಲಿ ನೂವೋ ಬಿಟ್ಟರೆ ಗತಿಯಿಲ್ಲ.

ಆ ಮನೆಯಲ್ಲಿ ಡ್ರೈವರ್ ಬದಲಿಸುವ ಗೋಜಿಗೇ ಹೋಗಲಿಲ್ಲ. ಪ್ಲಗ್ ಕಿತ್ತು, ಪಕ್ಕದ ತಗಡು ಬಿಚ್ಚಿ, ದೂಳು ಮೆತ್ತಿದ ಕಾರ್ಡನ್ನು ಸ್ಲಾಟಿನಿಂದ ಹೊರಗೆಳೆದು, ಮಾನಿಟರಿನ ಕೇಬಲ್ಲನ್ನು ಮದರ್‌ಬೋರ್ಡಿನ ಪೋರ್ಟಿಗೇ ಸಿಕ್ಕಿಸಿದೆವು. ಆ ಪ್ರೊಸೆಸರಿನಲ್ಲೇ ಇಂಟೆಲ್ ಗ್ರಾಫಿಕ್ಸ್ ಇದೆ. ಯೂಟ್ಯೂಬ್ ನೋಡಲು, ಪತ್ರ ಟೈಪ್ ಮಾಡಲು ಧಾರಾಳ ಸಾಕು. ತಾತ ಲಾಗ್ ಔಟ್, ಮೊಮ್ಮಗಳು ಲಾಗಿನ್, ಮತ್ತೆ ತಾತ. ಎಲ್ಲೂ ತೊಡರಲಿಲ್ಲ. ಆಟ ಆಡದ ಮನೆಯಲ್ಲಿ ಹಳೇ ಗ್ರಾಫಿಕ್ಸ್ ಕಾರ್ಡ್ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಎಲ್ಲ ಕಡೆ ಕಾರ್ಡೇ ಕಳ್ಳ ಅಂತಲ್ಲ. ಶಟ್‌ಡೌನ್ ಒತ್ತಿದರೆ ಸರಿಯಾಗಿ ತೊಂಬತ್ತು ಸೆಕೆಂಡು ಕಾಯಿಸಿ ಆಮೇಲೆ ಆಫ್ ಆಗುವ ಯಂತ್ರಗಳಿವೆ. ಅಲ್ಲಿ ಯಾವುದೋ ಪ್ರೋಗ್ರಾಮು ಹೊರಡಲು ಒಪ್ಪುತ್ತಿಲ್ಲ, ಪ್ರೋಗ್ರಾಮುಗಳನ್ನು ಎಬ್ಬಿಸಿ ನಿಲ್ಲಿಸುವ ಸಿಸ್ಟಮ್‌ಡಿ ಅದಕ್ಕೆ ಕೊಟ್ಟ ಗಡುವೇ 90 ಸೆಕೆಂಡು. ಫೆಡೋರಾ ಎಂಬ ಲಿನಕ್ಸಿನವರು 2023ರಲ್ಲಿ ಇದನ್ನು 45ಕ್ಕೆ ಇಳಿಸಿದರು. ಗಡುವು ಇಳಿಸಿದರೆ ಕಾಯುವುದು ಕಡಿಮೆಯಾಗುತ್ತದೆ, ಮೊಂಡ ಯಾರೆಂದು ತಿಳಿಯುವುದಿಲ್ಲ. ಪೆನ್‌ಡ್ರೈವಿಗೆ ಸಿನಿಮಾ ಕಾಪಿ ಮಾಡಿ ಪ್ರಗತಿಯ ಪಟ್ಟಿ ತುಂಬಿತೆಂದು ಶಟ್‌ಡೌನ್ ಒತ್ತುವವರಿಗೆ ಇನ್ನೊಂದು ಕಾಟ: ಪಟ್ಟಿ ತುಂಬಿದ್ದರೂ ಕಡತದ ಒಂದು ಪಾಲು ಇನ್ನೂ ರ‍್ಯಾಮ್‌ನಲ್ಲೇ ಇರುತ್ತದೆ. ಅದು ಇಳಿಯುವ ತನಕ ಯಂತ್ರ ಕದಲುವುದಿಲ್ಲ, ಕದಲಲೂಬಾರದು.

ಏನು ಮಾಡಿದರೂ ಪರದೆ ಬಾರದಿದ್ದರೆ ಪವರ್ ಬಟನ್ನಿಗೆ ಮೊದಲು ಇನ್ನೊಂದು ದಾರಿಯಿದೆ. ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಒತ್ತಿ ಹಿಡಿದು ಎಸ್, ಯು, ಬಿ ಕೀಲಿಗಳನ್ನು ಒಂದೊಂದಾಗಿ, ನಡುವೆ ತುಸು ಬಿಟ್ಟು ಒತ್ತುವುದು. ಎಸ್ ಅಂದರೆ ಉಳಿದದ್ದನ್ನು ಡಿಸ್ಕಿಗೆ ಬರೆ, ಯು ಅಂದರೆ ಇನ್ನು ಬರೆಯಬೇಡ, ಬಿ ಅಂದರೆ ರೀಬೂಟ್ ಆಗು. ಇವಕ್ಕೂ ಮೊದಲು ಆರ್, ಇ, ಐ ಸೇರಿಸಿ ಆರು ಅಕ್ಷರ ಹೇಳಿಕೊಡುವವರಿದ್ದಾರೆ. ಉಬುಂಟು, ಮಿಂಟ್‌ಗಳಲ್ಲಿ ಈ ಕೀಲಿಗಳ ಮೂಲ ಸೆಟ್ಟಿಂಗ್ 176 ಇರುವುದರಿಂದ ಕೊನೆಯ ಮೂರಕ್ಕಷ್ಟೇ ಅನುಮತಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಜೊತೆಗೆ ಎಫ್‌ಎನ್ ಕೀಲಿಯೂ ಬೇಕಾಗುತ್ತದೆ.

ಅಪ್‌ಡೇಟ್ ಆದ ಮಾರನೇ ದಿನದಿಂದಲೇ ತೊಂದರೆ ಶುರುವಾಗಿದ್ದರೆ ಕಾರ್ಡು ಕೀಳುವ ಮುಂಚೆ ಹಳೇ ಕರ್ನಲ್ ಪರೀಕ್ಷಿಸಿ. ಬೂಟ್ ಆಗುವಾಗ ಗ್ರಬ್ ಮೆನುವಿನ ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ ಹಿಂದಿನ ಕರ್ನಲ್ ಇನ್ನೂ ಇರುತ್ತದೆ. ಅದರಲ್ಲಿ ಲಾಗ್ ಔಟ್ ಸರಾಗವಾದರೆ ಹೊಸ ಕರ್ನಲ್ಲೇ ಕಾರಣ. ಸರಿಪಡಿಸಿದ ಆವೃತ್ತಿ ಬರುವವರೆಗೆ ಹಳೆಯದರಲ್ಲೇ ಕೆಲಸ ನಡೆಸಬಹುದು.